ಸ್ಟೆಪ್ನಿಗೆ ನಿಂಬೆಹಣ್ಣಿಲ್ಲ

ನಾನು ಒಂದು ಟೈರು. ಹಾಗೆಂದು ಹೇಳಿಕೊಂಡರೆ ನನ್ನ ಜೊತೆ ಹುಟ್ಟಿದ ನಾಲ್ವರು ನಕ್ಕಾರು. ಅವರ ಪ್ರಕಾರ ನಾನು ಟೈರಲ್ಲ, ಸ್ಟೆಪ್ನಿ. ಗಾಡಿಯ ಬೆನ್ನಿಗೆ ನೇತು ಹಾಕುವ, ಪಂಚರ್ ಆದ ದಿನ ಮಾತ್ರ ಜನರಿಗೆ ನೆನಪಾಗುವ ಒಂದು ಸಾಮಾನು. ನಗಲಿ ಬಿಡಿ. ಆ ನಾಲ್ವರೂ ಈಗ ಯಾವ ಭಟ್ಟಿಯಲ್ಲಿ ಹೊಗೆಯಾಗಿ ಹೋದರೋ ತಿಳಿಯದು. ನಾನು ಇನ್ನೂ ಇದ್ದೇನೆ, ಮಾತಾಡುತ್ತಿದ್ದೇನೆ.

ನಾವು ಐವರೂ ಹುಟ್ಟಿದ್ದು ಒಂದೇ ದಿನ, ಒಂದೇ ಕಾರ್ಖಾನೆಯಲ್ಲಿ, ಒಂದೇ ಅಚ್ಚಿನಿಂದ. ಕಾದ ರಬ್ಬರಿನ ವಾಸನೆ, ಬುಸುಗುಡುವ ಹಬೆ, ಆಮೇಲೆ ಅಚ್ಚು ಬಾಯಿ ತೆರೆದಾಗ ಕಂಡ ಮೊದಲ ಬೆಳಕು, ಎಲ್ಲವೂ ಅವರಿಗೆ ಆದಂತೆಯೇ ನನಗೂ ಆಯಿತು. ಅವರ ಮೈಮೇಲಿದ್ದ ಗೀರುಗಳೇ ನನ್ನ ಮೈಮೇಲೂ ಇದ್ದವು. ತೂಗಿ ನೋಡಿದವನಾಗಲಿ ತಟ್ಟಿ ನೋಡಿದವನಾಗಲಿ ನನ್ನಲ್ಲಿ ಏನೋ ಕಮ್ಮಿ ಇದೆ ಎಂದು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನಡೆದದ್ದು ಅನ್ಯಾಯ ಎಂದು ನಿಮಗೂ ಅನಿಸಬೇಕಲ್ಲ.

ಹೊಸಪೇಟೆಯ ಷೋರೂಮಿನಲ್ಲಿ ನಮ್ಮನ್ನು ಒಂದು ಹೊಸ ಟ್ರ್ಯಾಕ್ಸ್ ಗಾಡಿಗೆ ಜೋಡಿಸಿದರು. ಕೈಗೆ ಸಿಕ್ಕವನನ್ನು ಸಿಕ್ಕ ಕಡೆ ಹಾಕಿದ ಅಲ್ಲಿನ ಮೆಕ್ಯಾನಿಕ್ಕು. ಮೂರು ಮುಗಿದ ಮೇಲೆ ನೆಲದ ಮೇಲೆ ಉಳಿದದ್ದು ನಾವಿಬ್ಬರು. ಅವನು ಬೀಡಿ ಬಾಯಲ್ಲಿಟ್ಟುಕೊಂಡೇ ಬಗ್ಗಿ, ನನ್ನ ಪಕ್ಕದವನನ್ನು ಎತ್ತಿ ಹಿಂದಿನ ಎಡಗಡೆಗೆ ಹಾಕಿದ. ಉಳಿದ ನನ್ನನ್ನು ಹಿಂಬಾಗಿಲಿಗೆ ನೇತು ಹಾಕಿ ನಟ್ಟು ಬಿಗಿದ. ಅಷ್ಟೇ ಆದದ್ದು. ಅವನ ಕೈ ಒಂದು ಗೇಣು ಈಚೆ ಬಂದಿದ್ದರೆ ನನ್ನ ಬದುಕೇ ಬೇರೆ ಇರುತ್ತಿತ್ತು.

ಗಾಡಿ ಕೊಂಡವನು ಜಾಲಿಹಾಳದ ಬುಡೇನ್ ಸಾಬ್. ದಪ್ಪ ಮೀಸೆ, ತೆಳ್ಳನೆ ಮೈ, ದೊಡ್ಡ ಗಂಟಲು. ದರ್ಗಾಕ್ಕೂ ನಡೆದುಕೊಳ್ಳುತ್ತಿದ್ದ, ಗುಡ್ಡದ ಸ್ವಾಮಿಗೂ ಕಾಯಿ ಒಡೆಸುತ್ತಿದ್ದ. ಗಾಡಿ ಹೊರಡುವ ಮೊದಲು ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಗಾಡಿ ಒಂದು ಮಾರು ಮುಂದಕ್ಕೆ ಹೋಯಿತು. ಪಚ್, ಪಚ್, ಪಚ್, ಪಚ್. ಹುಳಿ ರಸ ನಾಲ್ವರ ಮೈಗೂ ಹತ್ತಿತು, ಕಣ್ಣು ಬೀಳಬಾರದೆಂದು ಹಾರೈಸಿದ ಮಾತು ನಾಲ್ವರಿಗೂ ಹತ್ತಿತು. ನಾನು ಮೇಲೆ ನೇತಾಡುತ್ತ ಬರೀ ವಾಸನೆ ಕುಡಿದೆ. ಅವತ್ತು ಹೊಟ್ಟೆಗೆ ಬಿದ್ದ ಕಿಚ್ಚು ಇವತ್ತಿಗೂ ಆರಿಲ್ಲ.

ನಮ್ಮ ಗಾಡಿಯ ದಾರಿ ಜಾಲಿಹಾಳದಿಂದ ದೋಣಿಗುಡ್ಡದ ಮೈನ್ಸಿನ ತನಕ. ನಡುವೆ ಕೆಂಪಾಪುರ, ಅದರಾಚೆ ಕರಡಿಗಂಡಿ ಎಂಬ ಘಾಟು. ಎಲ್ಲ ಕಬ್ಬಿಣದ ಅದಿರಿನ ಊರುಗಳು. ಅಲ್ಲಿ ಎಮ್ಮೆ ಕೆಂಪು, ಬೇವಿನ ಎಲೆ ಕೆಂಪು, ಒಣಗಿಸಲು ಹರವಿದ ಬಿಳಿ ಪಂಚೆಯೂ ಸಂಜೆ ಹೊತ್ತಿಗೆ ಕೆಂಪು. ಸರ್ಕಾರಿ ಬಸ್ಸು ಬೆಳಿಗ್ಗೆ ಒಮ್ಮೆ ಬಂದರೆ ಮತ್ತೆ ಸಂಜೆಗೇ. ಹಾಗಾಗಿ ಆ ಊರಿಂದ ಈ ಊರಿಗೆ ಹೆರಿಗೆ, ಮದುವೆ, ಸಂತೆ, ಪಾಳಿ ಯಾವುದಕ್ಕೆ ಹೋಗಬೇಕಾದರೂ ಜನ ನಮ್ಮನ್ನೇ ಕಾಯುತ್ತಿದ್ದರು. ಬುಡೇನ್ ಸಾಬ್ ಗಾಡಿ ಖಾಲಿ ಇದ್ದಾಗಲೂ ಕೂಗುತ್ತಿದ್ದದ್ದು ಒಂದೇ ಮಾತು: “ದೋಣಿಗುಡ್ಡ, ದೋಣಿಗುಡ್ಡ! ಒಂದೇ ಸೀಟು, ಒಂದೇ ಸೀಟ್ ಉಳದೈತಿ, ಬರ್ರಿ!” ಆ ಒಂದು ಸೀಟಿನಲ್ಲಿ ಹದಿನೈದು ಜನ, ಎರಡು ಕೋಳಿ ಮತ್ತು ಒಂದು ಮೂಟೆ ಈರುಳ್ಳಿ ಕೂತ ಮೇಲೆ ಗಾಡಿ ಹೊರಡುತ್ತಿತ್ತು.

ಬೇರೆಯವರು ದಾರಿ ಬರುವುದನ್ನು ನೋಡುತ್ತಾರೆ. ನಾನು ಮಾತ್ರ ದಾರಿ ಹೋಗುವುದನ್ನು ನೋಡುತ್ತಿದ್ದೆ. ಒಂದು ಊರು ಬಂತು ಎಂದು ನನಗೆ ಗೊತ್ತಾಗುತ್ತಿದ್ದದ್ದು ಅದು ಹಿಂದಕ್ಕೆ ಸರಿಯುವಾಗಲೇ. ಕೆಳಗಿನ ನಾಲ್ವರು ಹಳ್ಳದ ನೀರಿಗೆ ಇಳಿದಾಗ ಅಹಾ ಎನ್ನುತ್ತಿದ್ದರು, ಹೊಸ ಡಾಂಬರು ಸಿಕ್ಕಾಗ ಗುನುಗುತ್ತಿದ್ದರು. ಅದರಲ್ಲೂ ಹಿಂದಿನ ಎಡಗಡೆಯವನಿಗೆ ಜಂಬ ಹೆಚ್ಚು. ನನ್ನ ಕಾಲಬುಡದಲ್ಲೇ ಓಡುತ್ತಿದ್ದವನು ಅವನು. ನನ್ನ ಜಾಗ ನುಂಗಿದವನೂ ಅವನೇ ಎಂಬುದನ್ನು ನಾನು ಮರೆತಿರಲಿಲ್ಲ. “ಇವತ್ತು ಎಂಟು ಟ್ರಿಪ್ಪು, ಮೈ ಕೈ ನೋವು,” ಎಂದು ಅವನು ಸಂಜೆ ನರಳುವಾಗ ನನಗೆ ಮೈ ಉರಿಯುತ್ತಿತ್ತು. ಉಂಡವನಿಗೆ ಹೊಟ್ಟೆ ಭಾರ, ಹಸಿದವನಿಗೆ ಅದೂ ಇಲ್ಲ. ನರಳುವುದಕ್ಕಾದರೂ ಒಂದು ನೋವು ಬೇಕಲ್ಲ, ನನಗೆ ಅದೂ ಇರಲಿಲ್ಲ.

ಅವರು ಸವೆಯುವುದನ್ನು ಕಂಡರೂ ನನಗೆ ಹೊಟ್ಟೆಕಿಚ್ಚು. ಅವರ ಗೀರುಗಳು ದಿನ ದಿನಕ್ಕೆ ತೆಳ್ಳಗಾಗುತ್ತಿದ್ದವು. ನನ್ನವು ಕಾರ್ಖಾನೆಯಿಂದ ಬಂದ ಹಾಗೇ ಇದ್ದವು. ಯಾರಾದರೂ ಹಿಂದೆ ಬಂದು ನನ್ನನ್ನು ನೋಡಿ “ಇದು ಹೊಸದೇ ಐತಲ್ಲ!” ಎಂದರೆ ಅದು ಹೊಗಳಿಕೆ ಎಂದು ಅವರು ತಿಳಿದಿದ್ದರು. ಗಂಡಿನ ಕಡೆಯವರು ಯಾರೂ ಬಾರದೆ ಮನೆಯಲ್ಲೇ ಉಳಿದ ಹೆಣ್ಣಿಗೆ “ನೀನಿನ್ನೂ ಹುಡುಗಿ ಥರಾನೇ ಇದ್ದೀಯ” ಎಂದರೆ ಹೇಗಿರುತ್ತದೋ ಹಾಗಿತ್ತು ನನಗೆ.

ಈಗ ಗಾಡಿಯಲ್ಲಿ ಕೂರುವ ಪದ್ಧತಿಯನ್ನು ಹೇಳಬೇಕು, ಯಾಕೆಂದರೆ ನನ್ನ ಕಥೆ ತಿರುಗುವುದು ಅದರ ಮೇಲೆಯೇ. ಮೈನ್ಸಿನಲ್ಲಿ ಕೆಲಸಗಾರರು ಎರಡು ತರಹ. ಪರ್ಮನೆಂಟ್ ಆದವರು ಮತ್ತು ಅವರು ಬಾರದ ದಿನ ಮಾತ್ರ ಕೆಲಸ ಸಿಗುವ ಬದಲಿಯವರು. ಪರ್ಮನೆಂಟಿನವರಿಗೆ ಅಲ್ಲಿ ಸ್ನಾನದ ಕೋಣೆ ಇತ್ತು, ಸೋಪು ಇತ್ತು, ಮನೆಬಟ್ಟೆ ಇಟ್ಟುಕೊಳ್ಳಲು ಬೀಗದ ಪೆಟ್ಟಿಗೆ ಇತ್ತು. ಪಾಳಿ ಮುಗಿದ ಮೇಲೆ ಅವರು ತೊಳೆದ ಮುಖ, ಬಾಚಿದ ತಲೆಯಲ್ಲಿ ಬಂದು ಗಾಡಿ ಒಳಗೆ ಕೂರುತ್ತಿದ್ದರು. ಬದಲಿಯವರಿಗೆ ಇದಾವುದೂ ಇರಲಿಲ್ಲ. ತಲೆಯಿಂದ ಕಾಲಿನವರೆಗೆ ಕೆಂಪು ಧೂಳು ಹೊತ್ತೇ ಬರುತ್ತಿದ್ದರು. ಸೀಟಿಗೆ ಕೂತರೆ ಪಕ್ಕದ ಹೆಂಗಸಿನ ಸೀರೆಗೆ ಬಣ್ಣ ಹತ್ತುತ್ತದೆಂದು ಅವರು ಹಿಂದಿನ ಬಂಪರಿನ ಮೇಲೆ ನಿಲ್ಲುತ್ತಿದ್ದರು. ಯಾರೂ ಹೀಗೆಂದು ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಬಂದಾಗಲೂ ಅವರ ಕಾಲು ತಾನಾಗಿ ಹಿಂದಕ್ಕೇ ಹೋಗುತ್ತಿತ್ತು.

ಮುಂದಿನ ಸೀಟು, ಅಂದರೆ ಡ್ರೈವರ್ ಪಕ್ಕದ್ದು, ಪಂಪಣ್ಣನದು. ಮೈನ್ಸಿನ ಹಳೆಯ ಡ್ರಿಲ್ಲರ್, ಪರ್ಮನೆಂಟಿನವರಲ್ಲೇ ಹಿರಿಯ. ಪಂಪಣ್ಣ ಬಾರದ ದಿನವೂ ಆ ಸೀಟಿನಲ್ಲಿ ಕೂರಲು ಜನ ಒಂದು ಗಳಿಗೆ ಯೋಚಿಸುತ್ತಿದ್ದರು.

ಹಿಂದೆ ನಿಲ್ಲುವವರಲ್ಲಿ ಎಂದೂ ತಪ್ಪದವನು ಎರ್ರಿಸ್ವಾಮಿ. ಜಾಲಿಹಾಳದವನೇ. ನಲವತ್ತರ ಹತ್ತಿರದ ವಯಸ್ಸು, ಉದ್ದ ಕೈ, ಮಾತು ಕಮ್ಮಿ. ಬಂಪರ್ ಏರಿದೊಡನೆ ಎಡದ ತೋಳನ್ನು ನನಗೆ ಸುತ್ತಿ, ಗದ್ದವನ್ನು ನನ್ನ ಮೇಲಿಟ್ಟು ನಿಂತುಬಿಡುತ್ತಿದ್ದ. ದಿನವೂ ಅದೇ ತೋಳು, ಅದೇ ಜಾಗ. ಅವನ ತೋಳು ತಿಕ್ಕಿ ತಿಕ್ಕಿ ನನ್ನ ಪಕ್ಕೆಯ ಮೇಲಿದ್ದ ಕಂಪನಿಯ ಅಕ್ಷರಗಳೇ ಅಳಿಸಿ ನುಣ್ಣಗಾದವು. ನನಗೆ ಸಿಟ್ಟು ಬರುತ್ತಿತ್ತು. ನಾಲ್ವರು ರಸ್ತೆಗೆ ಮೈ ಸವೆಸಿಕೊಂಡರೆ ನಾನು ಸವೆದದ್ದು ಒಬ್ಬ ಬದಲಿ ಕೂಲಿಯವನ ತೋಳಿಗೆ. ನಾನೇನು ಟೈರೋ, ಬಾಗಿಲ ಹಿಡಿಕೆಯೋ?

ಅವನಿಗೂ ಒಂದು ಕಿಚ್ಚಿತ್ತು. ಘಾಟು ಏರುವಾಗ ಗಾಡಿ ಗೊರಗೊರ ಎನ್ನುವ ಸದ್ದಿನಲ್ಲಿ, ಬೇರೆಯವರಿಗೆ ಕೇಳಿಸದ ಹಾಗೆ, ನನ್ನ ಮೈಗೆ ಬಾಯಿ ಹಚ್ಚಿ ಹೇಳಿಕೊಳ್ಳುತ್ತಿದ್ದ. “ಯಾರಾರ ಬರ್ಲಿಲ್ಲಂದ್ರ ಕೆಲ್ಸ, ಬಂದ್ರಂದ್ರ ವಾಪಸ್. ಅವರಿಗೆ ಜ್ವರ ಬರ್ಲಿ ಅಂತ ದೇವರಿಗೆ ಕೈ ಮುಗಿಬೇಕೇನು ನಾನು?” ಇನ್ನೊಂದು ದಿನ ಒಳಗೆ ಕೂತವರ ಬಾಚಿದ ತಲೆಗಳನ್ನು ಗಾಜಿನಿಂದ ನೋಡುತ್ತ, “ನೋಡು, ಹೆಂಗ್ ಕುಂತಾರ. ನಂದೂ ಅದಾ ಕೈ, ಅದಾ ಡ್ರಿಲ್ಲು,” ಎಂದ. ಆ ಮಾತು ನನಗೆ ನಾಟಿತು. ನಾನೂ ಕೆಳಗಿನವರ ಬಗ್ಗೆ ದಿನವೂ ಹೇಳಿಕೊಳ್ಳುತ್ತಿದ್ದದ್ದು ಅದನ್ನೇ. ಆದರೂ ಅವನ ಮೇಲೆ ನನಗೆ ಪ್ರೀತಿ ಬಂತು ಎಂದು ಹೇಳಿದರೆ ಸುಳ್ಳಾದೀತು. ಅವನು ಕೊನೆಗೂ ಇಳಿದು ಮನೆಗೆ ಹೋಗುತ್ತಾನಲ್ಲ ಎಂದು ಅವನ ಮೇಲೂ ಹೊಟ್ಟೆಕಿಚ್ಚು ಪಟ್ಟವನು ನಾನು.

ಆಯುಧಪೂಜೆ ಬಂತೆಂದರೆ ನನ್ನ ಸಂಕಟ ಹೇಳತೀರದು. ಗಾಡಿ ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ನನಗೆ ಎರಡು ಬೆರಳಿನಷ್ಟು ವಿಭೂತಿ, ಅದೂ ಕೈಯಲ್ಲಿ ಉಳಿದಿದ್ದರೆ. ಒಂದು ವರ್ಷ ಎರ್ರಿಸ್ವಾಮಿ ಹೇಳಿಯೇ ಬಿಟ್ಟ:

“ಬುಡೇನಣ್ಣ, ಇದಕ್ಕೂ ಒಂದು ಇಡಪ್ಪ. ಪಾಪ.”

“ಸ್ಟೆಪ್ನಿಗೆ ಯಾರಾರ ಇಡ್ತಾರೇನಲೇ? ಓಡೋ ಗಾಲಿಗೆ ನಿಂಬೆಹಣ್ಣು. ನೇತಾಡೋದಕ್ಕೆ ಯಾಕೆ?” ಎಂದು ಬುಡೇನ್ ಸಾಬ್ ನಕ್ಕ. ನೆರೆದ ಜನವೂ ನಕ್ಕರು. ಎರ್ರಿಸ್ವಾಮಿ ನಗಲಿಲ್ಲ. ಹಿಂದಿನ ಎಡಗಡೆಯವನು ಹಣ್ಣು ಒಡೆದದ್ದನ್ನು ಬೇಕೆಂದೇ ಜೋರಾಗಿ ಕೇಳಿಸಿದ ಎಂದು ನನಗೆ ಇವತ್ತಿಗೂ ಅನುಮಾನ.

ಓಡದ ಟೈರಿಗೆ ಒಂದು ರೋಗವಿದೆ. ಯಾರಿಗೂ ತಿಳಿಯದ ಹಾಗೆ ಗಾಳಿ ಇಳಿಯುತ್ತದೆ. ಓಡುವವರದು ಇಳಿದರೆ ಗಾಡಿ ವಾಲುತ್ತದೆ, ಡ್ರೈವರ್ ಬೈದುಕೊಂಡಾದರೂ ಇಳಿದು ನೋಡುತ್ತಾನೆ. ನನ್ನದು ಇಳಿದರೆ ಯಾರಿಗೆ ಏನು? ಅಂಥದ್ದರಲ್ಲಿ ಆ ವರ್ಷದ ಆಯುಧಪೂಜೆ ಆದ ಮರುವಾರ ಒಂದು ಸಂಜೆ ಎರ್ರಿಸ್ವಾಮಿ ನನಗೆ ತೋಳು ಸುತ್ತಿದವನು ಹಾಗೇ ಒಮ್ಮೆ ಒತ್ತಿ ನೋಡಿದ. ಮತ್ತೆ ಒತ್ತಿದ. ಕೆಂಪಾಪುರದ ಮೌಲಾನ ಪಂಚರ್ ಅಂಗಡಿ ಬಂದಾಗ ಗಾಡಿಯ ಮೈ ಬಡಿದು ನಿಲ್ಲಿಸಿದ.

“ಏನಾತಲೇ?”

“ಬುಡೇನಣ್ಣ, ಇದು ಮೆತ್ತಗಾಗೈತಿ. ಎಲ್ಡು ನಿಮಿಷ ಗಾಳಿ ಹೊಡಿಸು.”

“ತೋಳಾಗೇ ಗಾಳಿ ಅಳೀತೀಯಲ್ಲೋ! ನಿಮ್ಮ ತಿಪ್ಪಮ್ಮನ ಸಿಟ್ಟು ಎಷ್ಟೈತಿ ಅಂತ ಹಿಂಗಾ ತಿಳೀತೈತೇನು?”

ಗಾಡಿ ತುಂಬ ನಗು. ತಿಪ್ಪಮ್ಮ ಅವನ ಹೆಂಡತಿ, ಬಾಯಿ ಜೋರು ಎಂದು ಜಾಲಿಹಾಳಕ್ಕೆಲ್ಲ ಗೊತ್ತು. ನಗುತ್ತಲೇ ಮೌಲಾ ಬಂದು ನನಗೆ ಗಾಳಿ ತುಂಬಿದ. ಅವತ್ತು ಮೈ ಬಿಗಿದುಕೊಂಡು ನಿಂತಾಗ ನನಗೆ ಮತ್ತೆ ಕಾರ್ಖಾನೆಯ ದಿನ ನೆನಪಾಯಿತು.

ಅದೇ ವಾರ ಪಂಪಣ್ಣ ಮುಂದಿನ ಸೀಟಿನಿಂದ ಇಳಿಯುವಾಗ ಹಿಂದಕ್ಕೆ ಬಂದ. ಅವನು ಹಿಂದಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಎರ್ರಿಸ್ವಾಮಿಯ ಹೆಗಲ ಮೇಲೆ ಕೈ ಇಟ್ಟು ಹೇಳಿದ:

“ಶನಿವಾರಕ್ಕ ನಂದು ಮುಗೀತಪ್ಪ, ರಿಟೈರು. ಸೋಮವಾರ ಮುಂಜಾನೆ ನನ್ನ ಜಾಗಕ್ಕ ಒಬ್ಬನ್ನ ತಗಂತಾರ. ಸೈರನ್ ಹೊಡಿಯೋ ಹೊತ್ನಾಗ ಗೇಟಿನಾಗ ನಿಂತ ಬದಲಿಯವ್ರಾಗ ಯಾರು ಹಳಬನೋ ಅವನ್ನ. ಎಲ್ರಿಗಿಂತ ಹಳಬ ನೀನಾ. ಆದ್ರ ಗೇಟಿನಾಗ ಇರ್ಬೇಕು ನೋಡು. ನೀ ಇಲ್ಲಂದ್ರ ನಿನ್ನ ಹಿಂದಿನವನು.”

“ಇರ್ತೀನಣ್ಣ.”

“ಸೈರನ್ ಆದ ಮ್ಯಾಲೆ ಬಂದು ಕಾಲು ಹಿಡಿದ್ರೂ ನಡೆಯಂಗಿಲ್ಲ. ಅಲ್ಲಿ ಪದ್ಧತಿ ಹಂಗೈತಿ.”

ಸೋಮವಾರ ಎರ್ರಿಸ್ವಾಮಿ ಎಲ್ಲರಿಗಿಂತ ಮೊದಲು ಬಂದ. ತಲೆಗೆ ಎಣ್ಣೆ, ಹಣೆಗೆ ವಿಭೂತಿ. ತಿಪ್ಪಮ್ಮ ಜೊತೆಗೇ ಬಂದು ಸ್ಟ್ಯಾಂಡಿನಲ್ಲಿ ನಿಂತು, “ಸಾಬಣ್ಣ, ಇವತ್ತೊಂದಿನ ‘ಒಂದೇ ಸೀಟು’ ಅಂತ ಅರ್ಧ ತಾಸು ಕೂಗಬ್ಯಾಡಪ್ಪ,” ಎಂದು ಕೈ ಮುಗಿದಳು. ಬುಡೇನ್ ಸಾಬ್ ಅವತ್ತು ಗಾಡಿ ತುಂಬುವ ಮೊದಲೇ ಹೊರಟ. ಅವನ ಜೀವಮಾನದಲ್ಲಿ ಅದೇ ಮೊದಲಿರಬೇಕು. ಒಳಗೆ ಜಾಗವಿತ್ತು. ಆದರೂ ಎರ್ರಿಸ್ವಾಮಿ ಬಂದು ಬಂಪರ್ ಏರಿ ನನ್ನನ್ನೇ ಹಿಡಿದ.

ಕರಡಿಗಂಡಿಯ ಎರಡನೇ ತಿರುವಿನಲ್ಲಿ ಅದಿರಿನ ಲಾರಿ ಉದುರಿಸಿ ಹೋದ ಕಲ್ಲು ಬಿದ್ದಿತ್ತು, ಕೊಡಲಿ ಬಾಯಿಯಂಥದು. ಡಬ್ ಎಂದು ಸದ್ದಾಯಿತು. ಹಿಂದಿನ ಎಡಗಡೆಯವನು! ಉಸಿರು ಬಿಟ್ಟು ನೆಲಕ್ಕೆ ಕೂತುಬಿಟ್ಟ. ನಿಜ ಹೇಳಲೇ? ನನಗೆ ಸಂತೋಷವಾಯಿತು. ಎಷ್ಟು ವರ್ಷದ ಸಂತೋಷ ಅದು!

ಬುಡೇನ್ ಸಾಬ್ ಇಳಿದು ನೋಡಿ ತಲೆಗೆ ಕೈ ಹಚ್ಚಿದ. “ಹಾಳಾತು. ಸ್ಟೆಪ್ನಿ ಹೆಂಗೈತೋ ಏನೋ.”

“ಕಲ್ಲಿದ್ದಂಗೈತಿ ಅಣ್ಣ,” ಎಂದ ಎರ್ರಿಸ್ವಾಮಿ. ಅವನ ಕೈ ಆಗಲೇ ನನ್ನ ನಟ್ಟಿನ ಮೇಲಿತ್ತು. ಬುಡೇನ್ ಸಾಬ್ ಜಾಕ್ ಏರಿಸಿದ, ಎರ್ರಿಸ್ವಾಮಿ ನಟ್ಟು ಬಿಚ್ಚುವ ಪಾನಾ ಹಿಡಿದ. ಹೆಂಗಸರು ಇಳಿದು ಗಾಲಿಗಳಿಗೆ ಕಲ್ಲು ಒಡ್ಡಿದರು. ಆ ಮನುಷ್ಯ ನನ್ನನ್ನು ಇಳಿಸಿ, ಎರಡೂ ಕೈಯಲ್ಲಿ ಎತ್ತಿ, ಗಾಡಿಯ ಅಚ್ಚಿಗೆ ಕೂರಿಸಿ, ಅಂಗೈಯಿಂದ ಎರಡು ಸಲ ತಟ್ಟಿದ. “ನಡಿಯಪ್ಪ,” ಎಂದ. ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ನಾನು ಓಡಿದೆ. ನೆಲ ಹೀಗಿರುತ್ತದೆಯೇ! ಅದು ಬಿಸಿ, ಒರಟು, ಕಚಗುಳಿ ಇಡುತ್ತದೆ. ಇಳಿಜಾರಿನಲ್ಲಿ ಹಿಡಿಯಬೇಕು, ತಿರುವಿನಲ್ಲಿ ಕಚ್ಚಬೇಕು. ಒಂದೊಂದು ಸುತ್ತಿಗೂ ಆಕಾಶ ಒಮ್ಮೆ, ನೆಲ ಒಮ್ಮೆ. ಬುಡೇನ್ ಸಾಬ್ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಆ ಸುಖದ ನಡುವೆಯೂ ನನ್ನ ಕಣ್ಣು ಹಿಂದಕ್ಕೆ ಹೋಯಿತು. ನನ್ನ ಜಾಗದಲ್ಲಿ ಉಸಿರಿಲ್ಲದ ಆ ಎಡಗಡೆಯವನನ್ನು ನೇತು ಹಾಕಿದ್ದರು. ಎರ್ರಿಸ್ವಾಮಿ ತೋಳು ಸುತ್ತಿ ನಿಂತದ್ದು ಅವನಿಗೆ. ಒಂದು ಕ್ಷಣ ಚುರ್ ಎಂದಿತು. ಆಮೇಲೆ ದೋಣಿಗುಡ್ಡದ ಇಳಿಜಾರು ಬಂತು, ಮರೆತೆ.

ಗೇಟಿನ ಮುಂದೆ ಗಾಡಿ ಪೂರ್ತಿ ನಿಲ್ಲುವ ಮೊದಲೇ ಎರ್ರಿಸ್ವಾಮಿ ಹಾರಿದ. ಎರಡು ಕಾಲು ಧೂಳಿನಲ್ಲಿ ಓಡಿದ್ದನ್ನು ನಾನು ಕೆಳಗಿನಿಂದ ನೋಡಿದೆ. ಕಾಲುಗಳು ಸಾಲಿಗೆ ಸೇರಿ ನಿಂತವು. ಆಮೇಲೆ ಸೈರನ್ ಕೂಗಿತು.

ಅವನಿಗೆ ಪಂಪಣ್ಣನ ಜಾಗ ಸಿಕ್ಕಿತು. ನನಗೆ ಹಿಂದಿನ ಎಡಗಡೆ ಸಿಕ್ಕಿತು. ಮೌಲಾ ಪಂಚರ್ ಹಾಕಿದ ಮೇಲೂ ಬುಡೇನ್ ಸಾಬ್, “ಹೊಸದೇ ಓಡ್ಲಿ, ಅದು ಸಾಕಷ್ಟು ಸವೆದೈತಿ,” ಎಂದು ನನ್ನನ್ನು ಬಿಚ್ಚಲಿಲ್ಲ. ಇಬ್ಬರ ಆಸೆಯೂ ಒಂದೇ ದಿನ ಈಡೇರಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಮನೆ ಬಿಡುವ ನೆಂಟನಲ್ಲ.

ಎರ್ರಿಸ್ವಾಮಿ ಸಂಜೆ ತೊಳೆದ ಮುಖ, ಬಾಚಿದ ತಲೆಯಲ್ಲಿ ಬರತೊಡಗಿದ. ಮೊದಲ ದಿನ ಬಂಪರಿನ ತನಕ ಬಂದುಬಿಟ್ಟಿದ್ದ. ಬುಡೇನ್ ಸಾಬ್, “ಅಲ್ಲೆಲ್ಲಿ ಹೋಗ್ತೀಯಲೇ? ನೀನೀಗ ಒಳಗಿನವನು,” ಎಂದು ಕರೆದು ಕೂರಿಸಿದ. ನಡುವಿನ ಸೀಟು, ಕಿಟಕಿ ಪಕ್ಕ. ಕೂತವನೇ ನಿದ್ದೆ ಹೋದ. ಅವನ ಭಾರ ಈಗ ನನ್ನ ಮೇಲೆಯೇ ಬೀಳುತ್ತಿತ್ತು, ಆದರೆ ನಡುವೆ ಸೀಟು, ತಗಡು, ಸ್ಪ್ರಿಂಗು. ಅವನ ತೋಳು ಮಾತ್ರ ಎಲ್ಲೂ ಇರಲಿಲ್ಲ. ಓಡುವ ಟೈರನ್ನು ಯಾರೂ ಮುಟ್ಟುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಒದೆಯುತ್ತಾರೆ, ಗಾಳಿ ಇದೆಯೇ ಎಂದು. ನಾಯಿಗಳು ಕಾಲೆತ್ತುತ್ತವೆ. ಅಷ್ಟೇ.

ಮೇಲೆ ನೇತಾಡುತ್ತಿದ್ದವನಿಗೆ ಈಗ ಹೊಸ ಬದಲಿಯವನೊಬ್ಬ ತೋಳು ಸುತ್ತಿ ನಿಲ್ಲುತ್ತಿದ್ದ. ಅವನೂ ಏನೇನೋ ಹೇಳಿಕೊಳ್ಳುತ್ತಿದ್ದ, ನನಗೆ ಕೇಳಿಸುತ್ತಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮ ಗುಡ್ಡಗಳ ನಡುವೆ ದಿನಕ್ಕೆ ಹತ್ತು ಸಲ ಕೇಳಿದ್ದೆ, ಅದು ನನಗೇ ಹೇಳಿದ್ದೆಂದು ಗೊತ್ತಿರಲಿಲ್ಲ. ಒಂದು ಸಂಜೆಯಂತೂ ತಡೆಯಲಾಗಲಿಲ್ಲ. ಎರ್ರಿಸ್ವಾಮಿ ಜಾಲಿಹಾಳದಲ್ಲಿ ಇಳಿದವನು ಏನೋ ನೆನೆಸಿಕೊಂಡು ಹಿಂದಕ್ಕೆ ಹೋಗಿ, ಬಾಗಿಲಿನ ಸ್ಟೆಪ್ನಿಯನ್ನು ಅಂಗೈಯಿಂದ ಎರಡು ಸಲ ತಟ್ಟಿ, “ಹೆಂಗಿದಿಯಪ್ಪ?” ಎಂದ.

ಅದು ನಾನಲ್ಲ! ನಾನು ಇಲ್ಲಿದ್ದೇನೆ, ಕೆಳಗೆ, ನಿನ್ನ ಕಾಲ ಹತ್ತಿರ! ಮೇಲೆ ನೇತಾಡುವವನು ತಟ್ಟಿಸಿಕೊಂಡು ಸುಮ್ಮನಿದ್ದ. ಆ ಕಳ್ಳ, ‘ನಾನಲ್ಲ’ ಎಂದು ಒಂದು ಮಾತು ಹೇಳಲಿಲ್ಲ. ಎರ್ರಿಸ್ವಾಮಿ ನನ್ನ ಮೇಲೆ ಬಿದ್ದ ತನ್ನ ನೆರಳನ್ನು ಎಳೆದುಕೊಂಡು ಮನೆಗೆ ಹೋದ.

ನಾನು ಓಡಿದ್ದು ಒಂದು ವರ್ಷವೂ ತುಂಬಲಿಲ್ಲ. ನನ್ನನ್ನು ಹಾಕಿದ್ದು ಆಯುಧಪೂಜೆ ಆದ ಮೇಲೆ. ಮುಂದಿನ ಆಯುಧಪೂಜೆಗೆ ನಾನು ದಿನ ಎಣಿಸುತ್ತಿದ್ದೆ. ಹಿಂದಿನ ಎಡಗಡೆಗೆ ಇಡುವ ನಿಂಬೆಹಣ್ಣು ಈ ಸಲ ನನ್ನದು, ತಪ್ಪಿಸುವವರು ಯಾರು? ಮಹಾನವಮಿಗೆ ಇನ್ನು ನಾಲ್ಕೈದು ದಿನ ಇರುವಾಗ ಅದೇ ಕರಡಿಗಂಡಿಯಲ್ಲಿ ನನ್ನ ಪಕ್ಕೆ ಸೀಳಿತು. ಪಂಚರ್ ಹಾಕಲಾಗದ ಸೀಳು. ಮೌಲಾ ಬೆರಳು ತೂರಿಸಿ ನೋಡಿ ತಲೆಯಾಡಿಸಿದ. ಬಾಗಿಲಿನಿಂದ ಆ ಹಳೆಯವನನ್ನು ಇಳಿಸಿ ಮತ್ತೆ ಎಡಗಡೆಗೆ ಹಾಕಿದರು. ಹಬ್ಬದ ದಿನ ಅಂಗಡಿಯ ಹಿಂದಿನ ಟೈರುಗಳ ಗುಡ್ಡೆಯಲ್ಲಿ ಬಿದ್ದಿದ್ದ ನನಗೆ ದೂರದಿಂದ ಪಚ್, ಪಚ್ ಎಂದು ಕೇಳಿಸಿತು. ನಾನು ಎಣಿಸಲಿಲ್ಲ.

ಆ ಗುಡ್ಡೆಯಲ್ಲೂ ನಾನು ಬದಲಾಗಲಿಲ್ಲ. ಒಬ್ಬನನ್ನು ಮಕ್ಕಳ ಜೋಕಾಲಿಗೆ ಒಯ್ದರು, ಉರಿದುಕೊಂಡೆ. ಇನ್ನೊಬ್ಬನನ್ನು ಕೊಯ್ದು ಚಪ್ಪಲಿ ಮಾಡಲು ಒಯ್ದರು, ಅದಕ್ಕೂ ಉರಿದುಕೊಂಡೆ. ಕೊಯ್ದರೇನಾಯಿತು, ನಡೆಯುತ್ತಾನಲ್ಲ! ಹೀಗಿರುವಾಗಲೇ ಗುಡ್ಡದ ಕಡೆಯಿಂದ ಲಾರಿಗಳ ಸದ್ದು ನಿಂತಿತು. ಮೈನ್ಸು ಮುಚ್ಚಿತು ಎಂದು ಮೌಲಾನ ಅಂಗಡಿ ಮುಂದೆ ಕೂತ ಜನ ಮಾತಾಡಿಕೊಂಡರು. ಪರ್ಮನೆಂಟ್, ಬದಲಿ ಎಲ್ಲರೂ ಒಂದೇ ದಿನ ಗೇಟಿನಿಂದ ಹೊರಗೆ ಬಂದರಂತೆ. ಬುಡೇನ್ ಸಾಬ್ ಗಾಡಿ ಮಾರಿದ. ‘ಒಂದೇ ಸೀಟು’ ಎಂಬ ಕೂಗು ನಿಂತದ್ದು ನನಗೆ ಸೈರನ್ ನಿಂತದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಮಳೆಗಾಲ ಒಂದು ಕಳೆಯುವಷ್ಟರಲ್ಲಿ ಬೇವಿನ ಮರ ಹಸಿರಾಯಿತು. ಅದು ಹಸಿರೆಂದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ.

ಮರುವರ್ಷ ಗಾಳಿಯ ಕಾಲದಲ್ಲಿ ಎರ್ರಿಸ್ವಾಮಿ ಅಂಗಡಿಗೆ ಬಂದ. ನೆರೆತ ಗಡ್ಡ, ಸೈಕಲ್ಲು.

“ಮೌಲಾ, ಮನಿ ಮ್ಯಾಲಿನ ತಗಡು ಹಾರಾಕತ್ತಾವು. ಭಾರಕ್ಕ ಒಂದು ಹಳೇ ಟೈರ್ ಕೊಡಪ್ಪ.”

“ಯಾವುದಾರ ಒಯ್ಯಣ್ಣ. ಹಾವು ಇದ್ದಾವು, ನೋಡಿ ಕೈ ಹಾಕು.”

ಅವನು ಗುಡ್ಡೆಯೊಳಗೆ ಕೈ ಹಾಕಿದ. ಮೊದಲು ಸಿಕ್ಕವನನ್ನು ಎಳೆದ. ನನಗೆ ಜೀವ ಹೋದಂತಾಯಿತು. ಮತ್ತೆ ಅದೇ! ಆ ಮೆಕ್ಯಾನಿಕ್ಕಿನ ಕೈ, ಆ ಒಂದು ಗೇಣು! ಎಳೆದವನನ್ನು ತೂಗಿ ನೋಡಿ, ಹಗುರ ಎಂದು ಆಚೆ ಎಸೆದ. ಮತ್ತೆ ಕೈ ಹಾಕಿದ. ಆ ಕೈ ನನ್ನ ಪಕ್ಕೆಯ ನುಣ್ಣನೆಯ ಜಾಗಕ್ಕೆ ತಾಗಿತು, ನಿಂತಿತು. ಮೆಲ್ಲಗೆ ಸವರಿತು. ಅವನು ಕುಕ್ಕರಗಾಲಲ್ಲಿ ಕೂತು, ಎಡದ ತೋಳನ್ನು ನನಗೆ ಸುತ್ತಿ ನೋಡಿದ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

“ಅರೇ,” ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ಆ ದಿನ ನಿನ್ನ ಕೆಳಗ ಹಾಕಿದ್ದು ನಾನಾ. ಹಾಕಿ ಮರ್ತೇಬಿಟ್ಟಿದ್ನಲ್ಲಲೇ. ಬರೇ ಮ್ಯಾಲೆ ನೇತಾಡೋನ್ನ ಮಾತಾಡಿಸಿದೆ,” ಎಂದ.

ನಾನು ಕಾದಿದ್ದ ಮಾತು ಅದು. ಬಂದಾಗ ಬೈಯೋಣವೆಂದಿದ್ದೆ, ಆಗಲಿಲ್ಲ.

ಅವನು ನನ್ನನ್ನು ಸೈಕಲ್ಲಿಗೆ ಕಟ್ಟಿ ತಂದು ಜಾಲಿಹಾಳದ ತನ್ನ ಮನೆಯ ತಗಡಿನ ಮೇಲೆ ಹಾಕಿದ. ಅಲ್ಲಿಂದ ಇಡೀ ರಸ್ತೆ ಕಾಣುತ್ತಿತ್ತು. ಹೋಗುವುದೂ ಕಾಣುತ್ತಿತ್ತು, ಬರುವುದೂ ಕಾಣುತ್ತಿತ್ತು. ಆಟೊ, ಬೈಕು, ಎತ್ತಿನ ಗಾಡಿ, ಯಾವುದು ಹೋದರೂ ನನಗೆ ಸಹಿಸದು. ಆದರೂ ಗಾಳಿ ಬೀಸಿದಾಗ ತಗಡು ಅಲುಗದಂತೆ ಒತ್ತಿ ಹಿಡಿಯುತ್ತಿದ್ದೆ. ಒಳಗೆ ಅವರು ಮಲಗಿರುತ್ತಿದ್ದರು.

ಮತ್ತೆ ಆಯುಧಪೂಜೆ ಬಂತು. ತಿಪ್ಪಮ್ಮ ಅಂಗಳ ಸಾರಿಸಿ ತನ್ನ ಆಯುಧಗಳನ್ನು ಸಾಲಾಗಿ ಇಟ್ಟಳು. ಈಳಿಗೆ ಮಣೆ, ಕುಡುಗೋಲು, ರೊಟ್ಟಿ ಹಂಚು. ಮೈನ್ಸು ಮುಚ್ಚಿದ ಮೇಲೆ ಅವಳು ರೊಟ್ಟಿ ಬಡಿದು ಮಾರಿಯೇ ಮನೆ ನಡೆಯುತ್ತಿತ್ತು. ಗಂಡ ಗೋಡೆಗೆ ಒರಗಿ ಕೂತಿದ್ದ.

“ಸುಮ್ನ ಕುಂತ್ರೇನ್ರಿ? ನಿಮ್ಮ ಆಯುಧ ತಂದಿಡ್ರಿ.”

“ನಂದೇನೈತಿ? ಹೆಲ್ಮೆಟ್ಟು, ಡ್ರಿಲ್ಲು ಎಲ್ಲಾ ಕಂಪನಿಯೋರು ಇಸ್ಕಂಡ್ರಲ್ಲ. ಬರಿಗೈ ಐತಿ, ಇದನ್ನ ಇಡ್ಲೇನು?” ಎಂದು ಎರಡೂ ಅಂಗೈ ತೋರಿಸಿದ.

ತಿಪ್ಪಮ್ಮ ಕುಂಕುಮದ ಬಟ್ಟಲು ಹಿಡಿದು ಹಾಗೇ ನಿಂತಳು. ಎರ್ರಿಸ್ವಾಮಿ ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಆಮೇಲೆ ಎ‌ದ್ದು ಏಣಿ ಹಾಕಿದ.

ನನ್ನನ್ನು ಇಳಿಸಿ ಅಂಗಳದಲ್ಲಿ ನಿಲ್ಲಿಸಿದಾಗ ಓಣಿಯ ಜನ ಕತ್ತು ಚಾಚಿದರು. “ಅದೇನ್ ಆಯುಧನೋ ಎರ್ರಿ? ಗಾಡಿ ಎಲ್ಲಿ?” ಎಂದು ಒಬ್ಬರು ಕೂಗಿದರು.

“ನಾ ಕೆಲ್ಸಕ್ಕ ಹೋಗಿದ್ದು ಇದನ್ನ ಹಿಡ್ಕಂಡು. ಬೀಳ್ದಂಗ ಮನಿಗೆ ಬಂದದ್ದೂ ಇದನ್ನ ಹಿಡ್ಕಂಡು,” ಎಂದ ಎರ್ರಿಸ್ವಾಮಿ, ಯಾರ ಮುಖವನ್ನೂ ನೋಡದೆ. “ಮತ್ತ್ಯಾವುದನ್ನ ಪೂಜೆ ಮಾಡ್ಲಿ?”

ಯಾರೂ ನಗಲಿಲ್ಲ. ತಿಪ್ಪಮ್ಮ ನನ್ನ ಸೀಳಿದ ಪಕ್ಕೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಸಿಕ್ಕಿಸಿದಳು. ಒಳಗೆ ಹೋಗಿ ಒಂದು ನಿಂಬೆಹಣ್ಣು ತಂದು ನನ್ನ ಮುಂದೆ ಇಟ್ಟಳು.

ಎಷ್ಟು ವರ್ಷದ ಹಣ್ಣು! ನನ್ನ ಮುಂದೆಯೇ ಇತ್ತು, ಒಂದು ಅಂಗುಲ ದೂರ. ಆದರೆ ಗಾಡಿಯಿಲ್ಲದ ಟೈರು ತಾನಾಗಿ ಅದರ ಮೇಲೆ ಹೋಗುವುದು ಹೇಗೆ? ಎರ್ರಿಸ್ವಾಮಿ ಪಂಚೆ ಎತ್ತಿ ಕಟ್ಟಿದ. ಎಡದ ತೋಳನ್ನು ನನ್ನ ನುಣ್ಣನೆಯ ಪಕ್ಕೆಗೆ ಸುತ್ತಿ, ಇಡೀ ಮೈಭಾರ ನನ್ನ ಮೇಲೆ ಬಿಟ್ಟು, “ನಡಿಯಪ್ಪ,” ಎಂದು ತಳ್ಳಿದ.

ಪಚ್.

ಆಹಾ, ಹುಳಿ! ರಸ ಸೀಳಿನೊಳಗೆ ಇಳಿದು ಉರಿಯಿತು. ಅಷ್ಟು ಹಿತವಾದ ಉರಿಯನ್ನು ನಾನು ಕಂಡಿರಲಿಲ್ಲ. ಎರ್ರಿಸ್ವಾಮಿ ತೋಳು ತೆಗೆಯಲಿಲ್ಲ. ನನ್ನ ಮೇಲೆ ಗದ್ದ ಇಟ್ಟು ಹಾಗೇ ನಿಂತಿದ್ದ, ಗಾಡಿ ಇನ್ನೂ ಓಡುತ್ತಿದೆಯೇನೋ ಎನ್ನುವ ಹಾಗೆ.

ಆ ಹೊತ್ತಿಗೆ ಪಕ್ಕದ ಓಣಿಯಿಂದ ಪಚ್, ಪಚ್ ಎಂದು ಎರಡು ಸದ್ದು ಬಂತು. ಪಂಪಣ್ಣನ ಅಳಿಯ ಹೊಸ ಬೈಕು ತಂದಿದ್ದಾನಂತೆ. ನನಗೆ ಒಂದು, ಅದಕ್ಕೆ ಎರಡು. ಒಂದು ಗಳಿಗೆ ಮತ್ತೆ ಹೊಟ್ಟೆ ಉರಿಯಿತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಬೈಕಿಗೆ ಗಾಲಿ ಎರಡು. ಅಲ್ಲಿಗೆ ಅವುಗಳಿಗೂ ತಲೆಗೆ ಒಂದೇ.